ಕುಯ್ಲಿನವಳ ಹಾಡೂ ನಮ್ಮ ಇಂಗ್ಲಿಷ್ ನೋಟ್ಸೂ

ಮಳವಳ್ಳಿ ಕಡೆಯವರು ಬಸ್ಸು ಹತ್ತಿ, ಮದ್ದೂರಿನವರು ರೈಲು ಹತ್ತಿ ಮಂಡ್ಯದ ಕಾಲೇಜಿಗೆ ಬರುತ್ತಿದ್ದ ಕಾಲದಲ್ಲಿ, ಬಿ.ಎ.ಗೆ ಇಂಗ್ಲಿಷ್ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡವರಲ್ಲಿ ಕೇರಿಯ ಕಡೆಯಿಂದ ಬಂದವರು ನಾವು ನಾಕೇ ಜನ. ಯಾಕೆ ತಗೊಂಡ್ರಿ ಅಂತ ಆಗ ಯಾರಾದರೂ ಕೇಳಿದ್ದರೆ ಷೆಲ್ಲಿ, ಕೀಟ್ಸ್ ಅಂತ ಹೆಸರು ಹೇಳುತ್ತಿದ್ದೆವೇನೋ. ನಿಜ ಅದಲ್ಲ. ಇಂಗ್ಲಿಷ್ ಬಲ್ಲವನಿಗೆ ಊರಿನಲ್ಲಿ ಕುರ್ಚಿ ಹಾಕ್ತಾರೆ ಅನ್ನುವುದು ನಮಗೆ ಗೊತ್ತಿತ್ತು. ನಮ್ಮ ಅಪ್ಪಂದಿರಿಗೆ ಯಾರೂ ಕುರ್ಚಿ ಹಾಕಿರಲಿಲ್ಲ.

ತರಗತಿಯಲ್ಲಿ ಕವಿತೆ ಅಂದರೆ ಏನಾಗಿತ್ತು ಅಂತ ಮೊದಲು ಹೇಳಬೇಕು. ಮೇಷ್ಟ್ರು ಕವಿತೆಯನ್ನು ಒಮ್ಮೆ ಓದುತ್ತಿದ್ದರು. ಆಮೇಲೆ ಕವಿಯ ಹುಟ್ಟು, ಸಾವು, ಅವನು ಯಾವ ಪಂಥದವನು ಎಂಬ ವಿವರ. ಆಮೇಲೆ ‘ಬರ್ಕೊಳ್ಳಿ’. ಬರೆದುಕೊಳ್ಳುತ್ತಿದ್ದೆವು. ಬರೆದದ್ದು ಸಾಲದಿದ್ದರೆ ಪೇಟೆ ಬೀದಿಯ ಅಂಗಡಿಯಲ್ಲಿ ಗೈಡು ಸಿಗುತ್ತಿತ್ತು. ನಾಕು ಜನ ಸೇರಿ ಒಂದು ಗೈಡು ಕೊಂಡು ಸರದಿಯ ಮೇಲೆ ಉರು ಹೊಡೆಯುತ್ತಿದ್ದೆವು. ಪ್ರಶ್ನೆ ಮೊದಲೇ ಗೊತ್ತಿರುತ್ತಿತ್ತು: ಕವಿಯ ಪ್ರಕೃತಿಪ್ರೇಮವನ್ನು ವಿವರಿಸಿ, ಈ ಸಾಲುಗಳನ್ನು ಸಂದರ್ಭ ಸಹಿತ ಬರೆಯಿರಿ. ಡ್ಯಾಫೊಡಿಲ್ ಹೂವನ್ನು ನಾವಾರೂ ಕಂಡಿರಲಿಲ್ಲ. ಕಂಡಿಲ್ಲ ಅಂತ ಹೇಳುವುದಕ್ಕೂ ನಾಚಿಕೆ. ಅರ್ಥವಾಗದ್ದನ್ನು ಸ್ವರ ತಪ್ಪದೆ ಒಪ್ಪಿಸುವುದು, ಒಪ್ಪಿಸಿದವನಿಗೆ ದಕ್ಷಿಣೆ ಸಿಗುವುದು. ಇದು ನಮ್ಮ ದೇಶಕ್ಕೆ ಹೊಸದಲ್ಲವಲ್ಲ. ಮಂತ್ರದ ಭಾಷೆ ಬದಲಾಗಿತ್ತು, ಅಷ್ಟೆ. ಈಗ ಗೈಡಿನ ಜಾಗಕ್ಕೆ ಮೊಬೈಲು ಬಂದಿದೆ. ಹುಡುಗರು ಕವಿತೆಯ ಹೆಸರು ಒತ್ತಿದರೆ ಸಾರಾಂಶ ಎದುರಿಗೆ ಬಂದು ನಿಲ್ಲುತ್ತದೆ. ಗೈಡಿಗಾದರೆ ದುಡ್ಡು ಕೊಡಬೇಕಿತ್ತು, ಇದಕ್ಕೆ ಅದೂ ಬೇಡ.

ಇಂಗ್ಲಿಷ್ ಕಾವ್ಯವನ್ನು ಕಸದಬುಟ್ಟಿಗೆ ಹಾಕಿ ಅನ್ನುವುದಕ್ಕೆ ಇದನ್ನು ಬರೆಯುತ್ತಿಲ್ಲ. ಹಾಗೆ ಹೇಳುವ ಗೆಳೆಯರು ನಮ್ಮಲ್ಲೇ ಇದ್ದಾರೆ, ಅವರ ವಿಚಾರಕ್ಕೆ ಆಮೇಲೆ ಬರುತ್ತೇವೆ. ಒಂದು ಕವಿತೆಯನ್ನು ನಾವು ಮೂರು ಸಲ ಓದಿದೆವು. ಒಂದು ಸಲ ತರಗತಿಯಲ್ಲಿ, ಒಂದು ಸಲ ಚಳವಳಿಯ ಅಧ್ಯಯನ ಶಿಬಿರದಲ್ಲಿ, ಒಂದು ಸಲ ಮಳವಳ್ಳಿ ಹತ್ತಿರದ ಒಂದು ಹಳ್ಳಿಯ ಜಗುಲಿಯ ಮೇಲೆ. ಮೂರನೆಯ ಸಲವೇ ಅದನ್ನು ಓದಿದ್ದು ಅಂತ ಈಗ ಅನಿಸುತ್ತದೆ.

ಕವಿತೆ ವರ್ಡ್ಸ್‌ವರ್ತ್‌ನ ‘ದಿ ಸಾಲಿಟರಿ ರೀಪರ್’. 1805ರಲ್ಲಿ ಬರೆದದ್ದು, 1807ರಲ್ಲಿ ಅಚ್ಚಾದದ್ದು. ನಾಕು ಚರಣ, ಚರಣಕ್ಕೆ ಎಂಟು ಸಾಲು, ಒಟ್ಟು ಮೂವತ್ತೆರಡು. ಓದದ ಗೆಳೆಯರಿಗೆ ಕಥೆ ಇಷ್ಟು: ಸ್ಕಾಟ್ಲೆಂಡಿನ ಬೆಟ್ಟದ ಸೀಮೆಯಲ್ಲಿ ಒಬ್ಬಳು ಹೆಣ್ಣುಮಗಳು ಒಂಟಿಯಾಗಿ ಹೊಲ ಕುಯ್ಯುತ್ತಾ ಹಾಡುತ್ತಿದ್ದಾಳೆ. ದಾರಿಹೋಕನೊಬ್ಬ ನಿಂತು ಕೇಳುತ್ತಾನೆ. ಅವಳ ದನಿ ಅರಬ್ಬೀ ಮರಳುಗಾಡಿನಲ್ಲಿ ದಣಿದು ಬಂದವರಿಗೆ ಕೇಳಿಸುವ ನೈಟಿಂಗೇಲ್‌ಗಿಂತ ಇಂಪು, ದೂರದ ದ್ವೀಪಗಳ ಕೋಗಿಲೆಗಿಂತ ಇಂಪು ಎನ್ನುತ್ತಾನೆ. ಅವಳು ಹಾಡುತ್ತಿರುವುದು ಏನೆಂದು ಅವನಿಗೆ ತಿಳಿಯುವುದಿಲ್ಲ. ಯಾರೂ ಹೇಳುವವರಿಲ್ಲವೇ ಎಂದು ಕೇಳುತ್ತಾನೆ. ಹಳೆಯ ಕಾಳಗದ ಕಥೆಯೋ, ದಿನನಿತ್ಯದ ಯಾವುದೋ ದುಃಖವೋ ಎಂದು ಊಹಿಸುತ್ತಾನೆ. ಕೊನೆಗೆ, ಏನಾದರಾಗಲಿ, ಆ ನಾದವನ್ನು ಎದೆಯಲ್ಲಿ ಹೊತ್ತುಕೊಂಡು ಗುಡ್ಡ ಹತ್ತಿ ಹೋಗುತ್ತಾನೆ. ಅವಳು ಅಲ್ಲೇ ಬಗ್ಗಿಕೊಂಡು ಕುಯ್ಯುತ್ತಿರುತ್ತಾಳೆ.

ತರಗತಿಯಲ್ಲಿ ನಮಗೆ ಬರೆಸಿದ್ದು: ಇದು ಪ್ರಕೃತಿಯ ಮಡಿಲಿನ ಸರಳ ಜೀವನದ ಚಿತ್ರ, ಸಂಗೀತಕ್ಕೆ ಭಾಷೆಯ ಗಡಿ ಇಲ್ಲ, ಸಾಮಾನ್ಯ ಹೆಣ್ಣನ್ನು ಕವಿ ಅಮರಳನ್ನಾಗಿ ಮಾಡಿದ್ದಾನೆ. ಹತ್ತು ಅಂಕಕ್ಕೆ ಒಂದೂವರೆ ಪುಟ ಸಾಕಿತ್ತು.

ಶಿಬಿರದಲ್ಲಿ ಆದದ್ದನ್ನೂ ಮುಚ್ಚಿಡುವುದಿಲ್ಲ. ನಮ್ಮ ಗೆಳೆಯರೊಬ್ಬರು ಎದ್ದು ನಿಂತು, ವರ್ಡ್ಸ್‌ವರ್ತ್ ಮೊದಲು ಫ್ರಾನ್ಸಿನ ಕ್ರಾಂತಿಯನ್ನು ಹೊಗಳಿ ಆಮೇಲೆ ಬೆನ್ನು ತಿರುಗಿಸಿದವನು, ಬೂರ್ಜ್ವಾ, ದುಡಿಯುವ ಹೆಣ್ಣನ್ನು ಸೌಂದರ್ಯದ ವಸ್ತು ಮಾಡಿದ್ದಾನೆ ಅಂದರು. ಎಲ್ಲರೂ ತಲೆ ಹಾಕಿದೆವು. ಚಹ ಬಂತು. ಕವಿತೆ ಮುಗಿಯಿತು. ಆ ಗೆಳೆಯರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಮೂವತ್ತೆರಡು ಸಾಲಿನಲ್ಲಿ ಒಂದನ್ನಾದರೂ ಅವರು ಓದಿದ್ದರೇ ಅನ್ನುವುದು ನಮ್ಮ ಅನುಮಾನ. ನಮ್ಮದೂ ಒಂದು ಗೈಡೇ ಆಗಿಹೋಗಿತ್ತು. ಅಲ್ಲಿ ಪ್ರಕೃತಿಪ್ರೇಮ ಅಂತ ಮೊಹರು, ಇಲ್ಲಿ ಶೋಷಣೆ ಅಂತ ಮೊಹರು. ಮೊಹರು ಒತ್ತುವ ಕೈಗೆ ಕವಿತೆ ಯಾವುದಾದರೇನು?

ಮೂರನೆಯದು ಪರೀಕ್ಷೆಯ ರಜೆಯಲ್ಲಿ ಆಯಿತು. ನಮ್ಮಲ್ಲೊಬ್ಬನ ಊರಿಗೆ ಓದಿಕೊಳ್ಳಲು ಹೋಗಿದ್ದೆವು. ಬೇಸಿಗೆ ಭತ್ತದ ಕುಯ್ಲಿನ ಕಾಲ. ಸಂಜೆ ಜಗುಲಿಯ ಮೇಲೆ ಗೈಡು ಇಟ್ಟುಕೊಂಡು ಉರು ಹೊಡೆಯುತ್ತಿದ್ದಾಗ, ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದ ಅವನ ದೊಡ್ಡವ್ವ ‘ಅದೇನ್ರೋ ಅದು, ಒಂದೇ ಸಮ ವಟಗುಟ್ತಾ ಇದೀರಿ’ ಅಂದಳು. ಪದ್ಯ ಕಣ್ ದೊಡ್ಡವ್ವ, ಕುಯ್ಲು ಕುಯ್ಯೋಳ ಮ್ಯಾಲೆ ಕಟ್ಟಿರೋದು ಅಂದೆವು. ಹಂಗಾದ್ರೆ ಹೇಳಿ ಕೇಳಾನ ಅಂತ ಕಂಬಕ್ಕೆ ಒರಗಿ ಕೂತಳು. ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಾ ಹೋದೆವು.

ಎರಡು ಸಾಲು ಆಗಿರಲಿಲ್ಲ, ತಡೆದಳು. ‘ಏನ್ ಪೈರು?’

ಕಾಳು ಅಂತ ಅಷ್ಟೇ ಅವನೆ ದೊಡ್ಡವ್ವ.

‘ರಾಗಿನೋ ಭತ್ತನೋ ಹುಳ್ಳಿನೋ ತಿಳೀದೆ ಪದ ಕಟ್ಬುಟ್ನಾ?’ ಅಂತ ನಕ್ಕಳು. ಮುಂದಕ್ಕೆ ಹೋದೆವು. ಮತ್ತೆ ತಡೆದಳು. ‘ಅಲ್ಲ ಕಣ್ ಮಗ, ಅವ್ಳು ಒಬ್ಳೇ ಯಾಕ್ ಕುಯ್ತಾವ್ಳೆ? ಮುಯ್ಯಾಳು ಇರ್ಲಿಲ್ವಾ? ಅವುಳ್ದೇ ಹೊಲ್ವಾ, ಕೂಲಿಗ್ ಬಂದಿದ್ಲಾ?’

ನಮಗೆ ಬಾಯಿ ಕಟ್ಟಿತು. ಈ ಪ್ರಶ್ನೆ ಗೈಡಿನಲ್ಲಿ ಇರಲಿಲ್ಲ. ಮೇಷ್ಟ್ರು ಕೇಳಿರಲಿಲ್ಲ. ಶಿಬಿರದಲ್ಲೂ ಯಾರೂ ಕೇಳಿರಲಿಲ್ಲ. ನಮ್ಮ ಸೀಮೆಯಲ್ಲಿ ಕುಯ್ಲು ಒಬ್ಬರ ಕೆಲಸವಲ್ಲ ಅನ್ನುವುದು ನಮಗೂ ಗೊತ್ತು. ಸಾಲು ಹಿಡಿದು ಕುಯ್ಯುತ್ತಾರೆ, ಒಬ್ಬಳು ಸೊಲ್ಲು ಎತ್ತಿದರೆ ಉಳಿದವರು ಹಿಡಿಯುತ್ತಾರೆ. ಒಬ್ಬಳೇ ಕುಯ್ಯುತ್ತಿದ್ದಾಳೆ ಅಂದರೆ ಏನೋ ಆಗಿದೆ ಅಂತಲೇ ಅರ್ಥ. ಮನೆಯಲ್ಲಿ ಸಾವಾಗಿರಬೇಕು, ಊರು ಬಹಿಷ್ಕಾರ ಹಾಕಿರಬೇಕು, ಇಲ್ಲವೇ ಆಳು ಕರೆಯಲು ಕಾಸಿಲ್ಲದಿರಬೇಕು. ಇಷ್ಟೆಲ್ಲ ಗೊತ್ತಿದ್ದೂ ಇಂಗ್ಲಿಷ್ ಪುಸ್ತಕ ಬಿಚ್ಚಿದ ಕೂಡಲೇ ಆ ತಿಳುವಳಿಕೆಯನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದೆವು.

ಅವಳ ಪ್ರಶ್ನೆ ನಮ್ಮನ್ನು ತಿರುಗಿ ಕವಿತೆಗೇ ಅಟ್ಟಿತು. ಆಗ ಕಂಡದ್ದು ಇದು: ಮೊದಲ ಐದು ಸಾಲಿನೊಳಗೆ ‘ಒಂಟಿ’ ಎಂಬ ಅರ್ಥ ಬರುವ ಮಾತು ನಾಕು ಸಲ ಬಂದಿದೆ. ನಾಕೂ ಬೇರೆ ಬೇರೆ ಮಾತು. ಕವಿಗೆ ಒಂದು ಸಲ ಹೇಳಿದ್ದು ಸಾಕಾಗಲಿಲ್ಲ. ಇದನ್ನು ನಾವು ಇಪ್ಪತ್ತು ಸಲ ಉರು ಹೊಡೆದಿದ್ದೆವು, ಒಮ್ಮೆಯೂ ಎಣಿಸಿರಲಿಲ್ಲ. ದೊಡ್ಡವ್ವ ಎಣಿಸದೆಯೇ ಹಿಡಿದಳು.

ಆಮೇಲೆ ಕ್ರಿಯಾಪದಗಳನ್ನು ನೋಡಿದೆವು. ಮೊದಲ ಚರಣದಲ್ಲಿ ಅವಳು ಕುಯ್ಯುತ್ತಿದ್ದಾಳೆ, ಕಟ್ಟುತ್ತಿದ್ದಾಳೆ, ಹಾಡುತ್ತಿದ್ದಾಳೆ, ಎಲ್ಲ ವರ್ತಮಾನ. ಕೊನೆಯ ಚರಣಕ್ಕೆ ಬಂದರೆ ಹಾಡಿದಳು, ಕಂಡೆ, ಕೇಳಿದೆ, ಹೊತ್ತೊಯ್ದೆ. ಭೂತಕಾಲ. ಮೂವತ್ತೆರಡು ಸಾಲು ದಾಟುವುದರೊಳಗೆ ಎದುರಿಗಿದ್ದ ಹೆಣ್ಣು ಅವನ ನೆನಪಾಗಿಬಿಟ್ಟಳು. ಅವಳ ಕೆಲಸ ಮುಗಿದಿಲ್ಲ, ಅವನ ಕೇಳುವಿಕೆ ಮುಗಿಯಿತು. ಅವಳ ಹಾಡಿಗೆ ಕೊನೆಯೇ ಇಲ್ಲವೇನೋ ಅನ್ನಿಸಿತು ಅಂತಾನೆ. ಹಾಡಿಗೆ ಕೊನೆ ಇಲ್ಲದಿರುವುದು ಕುಯ್ಲಿಗೆ ಕೊನೆ ಇಲ್ಲದ್ದರಿಂದ. ಬಗ್ಗಿದ ಬೆನ್ನಿಗೆ ಇದು ಗೊತ್ತಿರುತ್ತದೆ, ಗುಡ್ಡ ಹತ್ತುವವನಿಗೆ ಗೊತ್ತಿರಬೇಕಾಗಿಲ್ಲ.

ಮೂರನೆಯ ಚರಣದ ಪ್ರಶ್ನೆಗೆ ಬಂದಾಗ ದೊಡ್ಡವ್ವ ಸುಮ್ಮನೆ ಕೇಳಿದಳು: ‘ಅವುಳ್ನೇ ಕೇಳ್ಬೋದಾಗಿತ್ತಲ್ಲ?’

ಭಾಷೆ ಬರ್ತಿರ್ಲಿಲ್ಲ ದೊಡ್ಡವ್ವ ಅವ್ನಿಗೆ ಅಂದೆವು. ಅದಕ್ಕೆ ಅವಳು ‘ಅವುಳ್ ಊರ್ನಾಗೆ ಓಡಾಡ್ತಾವ್ನೆ, ಅವುಳ್ ಮಾತು ಬರಾಕಿಲ್ವಾ?’ ಅಂದಳು.

ಕೇಂಬ್ರಿಡ್ಜಿನಲ್ಲಿ ಐ.ಎ. ರಿಚರ್ಡ್ಸ್ ಎಂಬ ವಿಮರ್ಶಕ ಕವಿಯ ಹೆಸರು ಕಿತ್ತುಹಾಕಿ ವಿದ್ಯಾರ್ಥಿಗಳಿಗೆ ಪದ್ಯಗಳನ್ನು ಕೊಟ್ಟು ಏನು ಬರೀತಾರೆ ನೋಡಿದ, 1929ರಲ್ಲಿ ಅದನ್ನೇ ಪುಸ್ತಕ ಮಾಡಿದ. ಹೆಸರಿಲ್ಲದ ಪದ್ಯದ ಮುಂದೆ ದೊಡ್ಡ ದೊಡ್ಡ ಮನೆತನದ ಹುಡುಗರೂ ತಡವರಿಸಿದರಂತೆ, ಸಿದ್ಧ ಭಾವನೆಗಳನ್ನೇ ಒಪ್ಪಿಸಿದರಂತೆ. ನಮ್ಮ ನವ್ಯರು ಈ ದಾರಿಯನ್ನು ಕನ್ನಡಕ್ಕೆ ತಂದು ಕೃತಿನಿಷ್ಠ ವಿಮರ್ಶೆ ಅಂತ ಹೆಸರಿಟ್ಟರು. ಅದನ್ನು ಬೈಯುವುದು ನಮ್ಮಲ್ಲಿ ವಾಡಿಕೆ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಾಗ ಎಲಿಯಟ್‌ನ ಅಳತೆಗೋಲು ಹಿಡಿದು ಇದು ಬರೀ ಘೋಷಣೆ ಅಂದವರು ಇದ್ದರು, ಆ ಸಿಟ್ಟು ನಮಗೆ ಇನ್ನೂ ಇದೆ. ಆದರೆ ಜಗುಲಿಯ ಮೇಲೆ ನಡೆದದ್ದು ಕೃತಿನಿಷ್ಠೆಯಲ್ಲದೆ ಮತ್ತೇನು? ದೊಡ್ಡವ್ವನಿಗೆ ವರ್ಡ್ಸ್‌ವರ್ತ್‌ನ ಹೆಸರು ಗೊತ್ತಿರಲಿಲ್ಲ, ಹಾಗಾಗಿ ಹೆದರಿಕೆಯೂ ಇರಲಿಲ್ಲ. ಕವಿತೆ ಹೇಳಿದ್ದನ್ನು ಹೇಳಿದ ಹಾಗೇ ಕೇಳಿಸಿಕೊಂಡಳು. ಕೃತಿನಿಷ್ಠೆ ಅಂತ ಬಾಯಲ್ಲಿ ಹೇಳಿದವರು ಕೃತಿಯೊಳಗಿನ ಕುಡುಗೋಲನ್ನು ಪ್ರತಿಮೆ ಅಂದರು. ಕುಡುಗೋಲು ಹಿಡಿದ ಕೈ ಅದನ್ನು ಕುಡುಗೋಲು ಅಂದಿತು. ಕೃತಿಗೆ ನಿಷ್ಠರಾದವರು ಯಾರು ಎನ್ನುವುದನ್ನು ಓದುಗರೇ ನೋಡಲಿ.

ದೊಡ್ಡವ್ವನ ಮಾತು ತಲೆಯಲ್ಲಿ ಇಟ್ಟುಕೊಂಡು ಎಷ್ಟೋ ಕಾಲದ ಮೇಲೆ ಹುಡುಕಿ ತಿಳಿದದ್ದು ಇನ್ನಷ್ಟು ಇದೆ. ವರ್ಡ್ಸ್‌ವರ್ತ್ 1803ರಲ್ಲಿ ತಂಗಿ ಡೊರೊತಿಯ ಜೊತೆ ಸ್ಕಾಟ್ಲೆಂಡಿನಲ್ಲಿ ತಿರುಗಾಡಿದ್ದು ನಿಜ. ಆದರೆ ಈ ಕವಿತೆ ಹುಟ್ಟಿದ್ದು ಅವನ ಸ್ನೇಹಿತ ಥಾಮಸ್ ವಿಲ್ಕಿನ್ಸನ್ ಬರೆದಿಟ್ಟಿದ್ದ ಪ್ರವಾಸದ ಹಸ್ತಪ್ರತಿಯ ಒಂದು ವಾಕ್ಯದಿಂದ. ಕೊನೆಯ ಸಾಲನ್ನು ಅಲ್ಲಿಂದಲೇ ಎತ್ತಿದ್ದು ಅಂತ ಕವಿಯೇ 1807ರ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾನೆ. (ಇನ್ನೊಬ್ಬರ ನೋಟ್ಸಿನಿಂದ ಬರೆಯುವುದು ನಮ್ಮೊಬ್ಬರ ರೋಗವಲ್ಲ ಅಂತ ತಿಳಿದು ನಮಗೆ ಒಂದಿಷ್ಟು ಸಮಾಧಾನವಾಯಿತು.) ನೋಡಬೇಕಾದ್ದು ಇದು: ವಿಲ್ಕಿನ್ಸನ್ನನ ವಾಕ್ಯದಲ್ಲಿ ಅವಳು ಹಾಡುತ್ತಿದ್ದ ಭಾಷೆಗೆ ಹೆಸರಿದೆ. ಎರ್ಸ್, ಅಂದರೆ ಬೆಟ್ಟಸೀಮೆಯ ಗೇಲಿಕ್. ಕವಿತೆಯಲ್ಲಿ ಆ ಹೆಸರು ಬಿಟ್ಟುಹೋಗಿದೆ. ಭಾಷೆಯ ಹೆಸರು ಹೋದ ಮೇಲೆ ಉಳಿದದ್ದು ನಾದ. ನಾದವಾದ ಮೇಲೆ ಅವಳಿಗೂ ಹಕ್ಕಿಗೂ ಹೋಲಿಕೆ ಸುಲಭ. ಹಕ್ಕಿಯನ್ನು ಯಾರೂ ಏನು ಹೇಳ್ತಾ ಇದೀಯ ಅಂತ ಕೇಳುವುದಿಲ್ಲ.

ಇದೇ ಕವಿ 1800ರಲ್ಲಿ ‘ಲಿರಿಕಲ್ ಬ್ಯಾಲಡ್ಸ್’ ಪುಸ್ತಕಕ್ಕೆ ಮುನ್ನುಡಿ ಬರೆದು, ಕಾವ್ಯದ ಭಾಷೆ ಜನ ಆಡುವ ಭಾಷೆಗೆ ಹತ್ತಿರ ಇರಬೇಕು, ಹಳ್ಳಿಯ ಬಡವರ ಬಾಳೇ ಕಾವ್ಯದ ವಸ್ತುವಾಗಬೇಕು ಅಂದಿದ್ದವನು. ದೊಡ್ಡ ಮಾತು. ಆ ಮಾತಿಗಾಗಿ ಅವನನ್ನು ನಾವು ಬಿಡುವುದಿಲ್ಲ. ಐದು ವರ್ಷದ ಮೇಲೆ ಬರೆದ ಈ ಕವಿತೆಯಲ್ಲಿ ಆ ಮಾತು ಒಂದು ಗೋಡೆಗೆ ಹೋಗಿ ಹೊಡೆಯಿತು. ಜನ ಆಡುವ ಭಾಷೆ ಎದುರಿಗೇ ಇದೆ, ಅವನಿಗೆ ಬರುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆದ. ಈ ಕವಿತೆಯ ಪ್ರಾಮಾಣಿಕತೆ ಇರುವುದು ಇಲ್ಲಿ. ನಮ್ಮಲ್ಲಿ ರೈತನ ಮೇಲೆ, ಮಾದಿಗನ ಮೇಲೆ, ಬೆಸ್ತರ ಹೆಣ್ಣಿನ ಮೇಲೆ ಪದ್ಯ ಬರೆದವರಲ್ಲಿ ಎಷ್ಟು ಜನ ಅವರ ಮನಸ್ಸಿನಲ್ಲಿ ಏನಿದೆ ಅಂತ ನನಗೆ ತಿಳಿಯದು ಅಂದಿದ್ದಾರೆ? ಎಲ್ಲರಿಗೂ ತಿಳಿದೇ ಇರುತ್ತದೆ. ಮೇಷ್ಟ್ರು ಆ ಪ್ರಶ್ನೆಯನ್ನು ಅಲಂಕಾರ ಅಂತ ದಾಟಿದರು. ಅದು ಅಲಂಕಾರವಲ್ಲ, ಉತ್ತರ ಸಿಗದ ಪ್ರಶ್ನೆ.

ಆ ಬೆಟ್ಟಸೀಮೆಗೆ ಏನಾಯಿತು ಅನ್ನುವುದೂ ನಮ್ಮ ನೋಟ್ಸಿನಲ್ಲಿ ಇರಲಿಲ್ಲ. 1746ರಲ್ಲಿ ಕಲೋಡನ್ನಿನ ಯುದ್ಧದಲ್ಲಿ ಅವರ ಪಾಳೆಯಪಟ್ಟುಗಳು ಮುರಿದವು. ಆಮೇಲೆ ಒಡೆಯರಿಗೆ ಒಕ್ಕಲಿಗಿಂತ ಕುರಿ ಲಾಭ ಅಂತ ಕಂಡಿತು. 1792ನ್ನು ಅಲ್ಲಿಯ ಜನ ಕುರಿಗಳ ವರ್ಷ ಅಂತಲೇ ಕರೆದರು. ಕುರಿ ನುಗ್ಗಿಸಿದ್ದರ ಮೇಲೆ ದಂಗೆ ಎದ್ದ ವರ್ಷ ಅದು. 1814ರಲ್ಲಿ ಸ್ಟ್ರಾತ್‌ನೇವರ್ ಎಂಬ ಕಣಿವೆಯಲ್ಲಿ ಒಕ್ಕಲೆಬ್ಬಿಸುವಾಗ ಮನೆಗಳಿಗೆ ಬೆಂಕಿ ಹಾಕಿದರು. ಕೇಸು ನಡೆದು 1816ರಲ್ಲಿ ಒಡೆಯರ ಕಡೆಯ ಪಾರುಪತ್ಯಗಾರ ನಿರ್ದೋಷಿ ಅನ್ನಿಸಿಕೊಂಡ. ಇದನ್ನು ಓದುವ ನಮ್ಮ ಜನಕ್ಕೆ ಹೆಚ್ಚು ವಿವರಣೆ ಬೇಕಾಗಿಲ್ಲ. 1872ರಲ್ಲಿ ಸ್ಕಾಟ್ಲೆಂಡಿಗೆ ಕಡ್ಡಾಯ ಶಿಕ್ಷಣದ ಕಾನೂನು ಬಂತು. ಅದರಲ್ಲಿ ಗೇಲಿಕ್‌ಗೆ ಜಾಗವಿರಲಿಲ್ಲ. ಅಂದರೆ ಆ ಕುಯ್ಲಿನವಳ ಮರಿಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಕೂತು ತಮ್ಮ ಮುತ್ತಜ್ಜಿಯ ಮೇಲಿನ ಈ ಕವಿತೆಯನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿರಬಹುದು. ಅವಳು ಏನು ಹಾಡಿದಳು ಅಂತ ಅವರಿಗೂ ತಿಳಿಯದೆ ಹೋಗಿರಬಹುದು.

ಹಾಗಂತ ಅವಳು ಒಂಟಿಯಾಗಿದ್ದದ್ದು ಕುರಿಗಳಿಂದ ಅಂತ ನಾವು ಹೇಳಹೊರಟರೆ ಅದೂ ಮೊಹರು ಒತ್ತುವ ಕೆಲಸ. ಕವಿತೆ ಹಾಗೆ ಹೇಳಿಲ್ಲ. ಅವಳು ಸ್ಕಾಟ್ಲೆಂಡಿನ ದಲಿತಳು ಅನ್ನುವುದೂ ಬೇಡ. ಅವಳು ಮುಟ್ಟಿದ ಕಾಳನ್ನು ಯಾರೂ ನೀರು ಚಿಮುಕಿಸಿ ಮನೆಯೊಳಗೆ ತಗೊಂಡಿರಲಾರರು. ಜಾತಿಯ ನೋವನ್ನು ಕಂಡಕಂಡ ಬಡತನಕ್ಕೆಲ್ಲ ಹಂಚಿಕೊಟ್ಟರೆ ನಮ್ಮದು ನಮಗೇ ಕಾಣದೆ ಹೋಗುತ್ತದೆ. ಆದರೂ ಒಂದು ಮಾತು ನಿಲ್ಲುತ್ತದೆ. ಆ ಕವಿತೆಯಲ್ಲಿ ಇಬ್ಬರಿದ್ದಾರೆ. ಒಬ್ಬ ದಾರಿಹೋಕ, ಒಬ್ಬಳು ಕುಯ್ಯುವವಳು. ಇಂಗ್ಲಿಷ್ ಐಚ್ಛಿಕ ನಮ್ಮನ್ನು ದಾರಿಹೋಕನ ಜಾಗದಲ್ಲಿ ನಿಲ್ಲಿಸಿ ನಿನಗೆ ಏನನ್ನಿಸಿತು ಬರಿ ಅಂದಿತು. ನಾವು ಬಂದಿದ್ದು ಕುಯ್ಯುವವಳ ಮನೆಯಿಂದ.

ಕನ್ನಡದಲ್ಲಿ ಇಂಗ್ಲಿಷ್ ಕಾವ್ಯದ ಓದು ಶುರುವಾದದ್ದರಲ್ಲಿ ನಮ್ಮ ಜಿಲ್ಲೆಯ ಪಾಲು ದೊಡ್ಡದು. ಬಿ.ಎಂ.ಶ್ರೀ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದವರು. ಮೈಸೂರು ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪ್ರೊಫೆಸರು. 1926ರಲ್ಲಿ ಬಂದ ಅವರ ‘ಇಂಗ್ಲಿಷ್ ಗೀತಗಳು’ ಕನ್ನಡ ಪದ್ಯದ ಪ್ರಾಸದ ಕಟ್ಟು ಬಿಚ್ಚಿತು, ಹೊಸ ನಡಿಗೆ ಕೊಟ್ಟಿತು. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ರಾಬರ್ಟ್ ಬರ್ನ್ಸ್‌ನ ಪ್ರೇಮಗೀತೆಗಳನ್ನು ಕನ್ನಡಕ್ಕೆ ತಂದರು. ‘ಮೈಸೂರು ಮಲ್ಲಿಗೆ’ 1942ರದು. ಇದೆಲ್ಲ ಲಾಭವೇ, ಇಲ್ಲ ಅನ್ನುವುದಿಲ್ಲ. ಆದರೆ ಬರ್ನ್ಸ್ ಉಳುವವನು, ಒಕ್ಕಲು ಮಗ, ತನ್ನ ಸೀಮೆಯ ಆಡುಮಾತಿನಲ್ಲೇ ಹಾಡು ಕಟ್ಟಿದವನು. ಹುಟ್ಟಿನಿಂದ ಬಂದ ದೊಡ್ಡಸ್ತಿಕೆಯನ್ನು ಗೇಲಿ ಮಾಡಿ 1795ರಲ್ಲಿ ಅವನು ಬರೆದ ಹಾಡು ಇದೆ. ಷೆಲ್ಲಿ ಇದ್ದಾನೆ: 1819ರಲ್ಲಿ ಮ್ಯಾಂಚೆಸ್ಟರಿನ ಮೈದಾನದಲ್ಲಿ ಸಭೆ ಸೇರಿದ ಕೂಲಿಕಾರರ ಮೇಲೆ ಕುದುರೆ ಸವಾರರನ್ನು ನುಗ್ಗಿಸಿ ಕೊಂದಾಗ ಅವನು ಬರೆದ ದೀರ್ಘ ಕವಿತೆಯನ್ನು ಅಚ್ಚು ಹಾಕಲು ಹೆದರಿದರು, ಅವನು ಸತ್ತು ಹತ್ತು ವರ್ಷವಾದ ಮೇಲೆ 1832ರಲ್ಲಿ ಅದು ಹೊರಬಂತು. ನಮ್ಮ ಸಿಲಬಸ್ಸಿನಲ್ಲಿ ಷೆಲ್ಲಿ ಅಂದರೆ ಬಾನಾಡಿ. ಬರ್ನ್ಸ್ ಅಂದರೆ ಕೆಂಪು ಗುಲಾಬಿ. ಇಂಗ್ಲಿಷ್ ಕಾವ್ಯದೊಳಗೂ ಒಂದು ಅಗ್ರಹಾರ, ಒಂದು ಕೇರಿ ಇದೆ. ನಮಗೆ ತೋರಿಸಿದ್ದು ಅಗ್ರಹಾರವನ್ನು ಮಾತ್ರ.

ಇನ್ನು ಇಂಗ್ಲಿಷೇ ಬೇಡ ಅನ್ನುವ ಗೆಳೆಯರಿಗೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸ ಅಂದದ್ದು, ಅದರ ಮೇಲೆ ಎದ್ದ ಗಲಾಟೆ, ದಲಿತ ವಿದ್ಯಾರ್ಥಿಗಳು ತಿಂದ ಏಟು, ಅವರು ಮಂತ್ರಿಗಿರಿ ಬಿಡಬೇಕಾಗಿ ಬಂದದ್ದು ಎಲ್ಲ ಈ ಪತ್ರಿಕೆಯ ಓದುಗರಿಗೆ ಗೊತ್ತು. ಬೂಸ ಅನ್ನುವ ಪದ ಉಳಿಯಿತು. ಇಂಗ್ಲಿಷ್ ಕಲಿಯಿರಿ, ಕಣ್ಣು ತೆರೆಯುತ್ತದೆ ಅನ್ನುವ ಅವರ ಇಂಗಿತ ಆ ಗದ್ದಲದಲ್ಲಿ ಕಿವಿಗೆ ಬೀಳಲಿಲ್ಲ. ಅದಕ್ಕೂ ನೂರಿಪ್ಪತ್ತು ವರ್ಷ ಮೊದಲೇ, 1854ರಲ್ಲಿ ಸಾವಿತ್ರಿಬಾಯಿ ಫುಲೆ ತಮ್ಮ ಮೊದಲ ಕವನ ಸಂಕಲನ ತಂದು, ಶೂದ್ರಾತಿಶೂದ್ರರು ಇಂಗ್ಲಿಷ್ ಕಲಿಯಬೇಕೆಂದು ಪದ್ಯ ಬರೆದರು. ಬಾಬಾಸಾಹೇಬರು ಜಾತಿಯನ್ನು ಜಗತ್ತಿನ ಮುಂದೆ ಬಿಚ್ಚಿಟ್ಟದ್ದು ಇಂಗ್ಲಿಷಿನಲ್ಲೇ. ಹಾಗಾಗಿ ಬೇಕೋ ಬೇಡವೋ ಎಂಬ ಜಗಳ ನಮ್ಮ ಮಟ್ಟಿಗೆ ತೀರಿದೆ. ಕುಯ್ಲಿನವಳ ಮಗ ಅದನ್ನು ಯಾರ ಕಣ್ಣಿನಿಂದ ಓದುತ್ತಾನೆ ಅನ್ನುವುದು ತೀರಿಲ್ಲ.

ಓದುವ ಕಣ್ಣು ನಮಗೆ ಇರಲಿಲ್ಲವೇ? ಇತ್ತು. ನಮ್ಮ ಸೀಮೆಯಲ್ಲಿ ರಾತ್ರಿಯೆಲ್ಲ ಎದ್ದು ಕವಿತೆ ಕೇಳುವ ಜನ ಇದ್ದಾರೆ ಅನ್ನುವುದನ್ನೇ ಮರೆತಿದ್ದೆವು. ಮಂಟೇಸ್ವಾಮಿ ಕಥೆ ನಡೆಯುವ ನೆಲ ಇದು. ಕೆಂಪಾಚಾರಿ ಹುಟ್ಟಿದ ನಿಡಘಟ್ಟ ಮದ್ದೂರು ತಾಲ್ಲೂಕಿನದು. ಅವನು ಸಿದ್ದಪ್ಪಾಜಿಯಾಗಿ ಕಬ್ಬಿಣದ ಭಿಕ್ಷೆಗೆ ಹೋದ ಹಲಗೂರು ಮಳವಳ್ಳಿ ತಾಲ್ಲೂಕಿನದು. ಮಂಟೇಸ್ವಾಮಿಯ ಮಠ ಇರುವ ಬೊಪ್ಪೇಗೌಡನಪುರವೂ ಅಲ್ಲೇ. ನೀಲಗಾರರು ತಂಬೂರಿ ಗಗ್ಗರ ಹಿಡಿದು ಕೂತರೆ ಒಂದೊಂದು ಸಾಲಿಗೆ ಒಂದೊಂದು ರಾತ್ರಿ. (ಅವರ ಬಾಯಲ್ಲಿ ಸಾಲು ಅಂದರೆ ಕಥೆಯ ಒಂದು ಭಾಗ, ನಮ್ಮ ಪುಸ್ತಕದ ಸಾಲಲ್ಲ.) ಹಾಡಿ ನಿಲ್ಲಿಸಿ ಮಾತಿನಲ್ಲಿ ಬಿಡಿಸಿ ಹೇಳ್ತಾರೆ, ಮತ್ತೆ ಹಾಡಿಗೆ ಹೋಗ್ತಾರೆ. ಕವಿಯೂ ಅವರೇ, ವಿಮರ್ಶಕರೂ ಅವರೇ. ಕೇಳುವವರು ತಪ್ಪಿದರೆ ತಿದ್ದುತ್ತಾರೆ.

ಇಂಗ್ಲಿಷಿನಿಂದ ಕಲಿತದ್ದನ್ನೂ ದೊಡ್ಡವ್ವನಿಂದ ಕಲಿತದ್ದನ್ನೂ ಜೊತೆಗೆ ಇಟ್ಟುಕೊಂಡು ಹಲಗೂರಿನ ಸಾಲನ್ನು ಕೇಳಿ ನೋಡಿ. ಭಿಕ್ಷೆ ಅಂದರೆ ನಮ್ಮ ಪುರಾಣಗಳಲ್ಲಿ ಅನ್ನ, ಕಾಳು, ಚಿನ್ನ. ಇಲ್ಲಿ ಗುರು ಬೇಡಿ ತರಲು ಕಳಿಸಿದ್ದು ಕಬ್ಬಿಣವನ್ನು. ಯಾಕೆ ಕಬ್ಬಿಣ? ನೇಗಿಲ ಗುಳ, ಗುದ್ದಲಿ, ಕುಡುಗೋಲು ಎಲ್ಲ ಆಗುವುದು ಅದರಿಂದ. ಬೇಡುತ್ತಿರುವುದು ಉಣ್ಣುವ ವಸ್ತುವನ್ನಲ್ಲ, ದುಡಿಮೆಯ ಮೂಲವನ್ನು. ಕೊಡುವುದಿಲ್ಲ ಅನ್ನುವವರು ಕುಲುಮೆಯ ಒಡೆತನ ಇದ್ದ ಪಾಂಚಾಳರು. ಬೇಡಲು ಹೋದವನು ಹುಟ್ಟಿದ್ದೂ ಅದೇ ಕುಲುಮೆಯ ಮನೆಯಲ್ಲಿ. ಜಾತಿ ಬಿಟ್ಟು, ಹೊಲೆಯ ಮಾದಿಗರ ಮನೆಗಳಲ್ಲಿ ಪೂಜೆಗೊಳ್ಳುವ ಗುರುವಿನ ಹಿಂದೆ ಹೋದವನು. ತನ್ನವರ ಬಾಗಿಲಿಗೇ ಪರಕೀಯನಾಗಿ ಬಂದು ನಿಂತಿದ್ದಾನೆ. ಅವರು ಕಠಿಣ ಪರೀಕ್ಷೆಗಳನ್ನು ಒಡ್ಡುತ್ತಾರೆ. ಇಂಗ್ಲಿಷ್ ಓದಿ ಕೇರಿಗೆ ತಿರುಗಿ ಬಂದ ನಮಗೆ, ಯಾರ ಬಾಗಿಲಿಗೆ ಯಾರು ಏನು ಬೇಡಿ ಬಂದರು ಅನ್ನುವ ಈ ಕಥೆ ಮೈಗೆ ತಾಕುತ್ತದೆ. ಇದನ್ನು ಜಾನಪದ ಅಂತ ಬೇರೆ ಬೀರುವಿನಲ್ಲಿ ಇಟ್ಟು, ವರ್ಡ್ಸ್‌ವರ್ತ್‌ನನ್ನು ಕಾವ್ಯ ಅಂತ ಇನ್ನೊಂದು ಬೀರುವಿನಲ್ಲಿ ಇಟ್ಟವರು ಎರಡನ್ನೂ ಕೊಂದರು.

ಹಳ್ಳಿಯ ಮೇಷ್ಟ್ರುಗಳಾಗಿರುವ ಗೆಳೆಯರಲ್ಲಿ ಒಂದು ಕೋರಿಕೆ ಇದೆ. ಪಠ್ಯದಲ್ಲಿ ಇರುವ ಇಂಗ್ಲಿಷ್ ಪದ್ಯವನ್ನು ನೋಟ್ಸು ಬರೆಸುವ ಮೊದಲು ಒಂದು ದಿನ ಮಕ್ಕಳ ಕೈಯಲ್ಲಿ ಮನೆಗೆ ಕಳಿಸಿ. ಅವ್ವಂದಿರಿಗೆ ಕನ್ನಡದಲ್ಲಿ ಹೇಳಿ, ಅವರು ಕೇಳಿದ ಪ್ರಶ್ನೆಗಳನ್ನು ಬರೆದುಕೊಂಡು ಬರಲಿ. ಉತ್ತರ ಬೇಡ, ಪ್ರಶ್ನೆ ಸಾಕು. ಅರ್ಧದಷ್ಟು ಪ್ರಶ್ನೆ ಕೆಲಸಕ್ಕೆ ಬಾರದೇ ಇರಬಹುದು. ನಮ್ಮ ಗೈಡಿನ ಪ್ರಶ್ನೆಗಳ ಕಥೆಯೇನು ಮಹಾ.

ಆ ಸಂಜೆ ಕವಿತೆ ಮುಗಿದ ಮೇಲೆ ನೀವೂ ಕುಯ್ಯುವಾಗ ಹಾಡ್ತೀರಲ್ಲ, ಯಾಕೆ ಅಂತ ದೊಡ್ಡವ್ವನನ್ನು ಕೇಳಿದೆವು. ದುಃಖಕ್ಕೋ ಸಂತೋಷಕ್ಕೋ ಅಂತ ಉತ್ತರ ಬರಬಹುದು ಎಂದುಕೊಂಡಿದ್ದೆವು, ವರ್ಡ್ಸ್‌ವರ್ತ್‌ನ ಊಹೆಯ ಹಾಗೆಯೇ. ‘ಹಾಡುದ್ರೆ ಸೊಂಟದ್ ನೋವು ಮರ್ತೋಯ್ತದೆ ಕಣ್ ಮಗ. ಗದ್ದೆಯೋನೂ ಸುಮ್ಕಿರ್ತಾನೆ. ಹಾಡೋರ್ ಕೈ ಬಿರ್ನೆ ಓಡ್ತದೆ ಅಂತ ಅವ್ನಿಗೂ ಗೊತ್ತು’ ಅಂದಳು.

ಹಂಗಾದ್ರೆ ಒಂದ್ ಪದ ಹೇಳು ದೊಡ್ಡವ್ವ, ಬರ್ಕತೀವಿ ಅಂದೆವು. ಪುಸ್ತಕ ತೆಗೆದೆವು.

‘ಕೂತ್ಕಂಡು ಹೇಳಾಕೆ ಬರಾಕಿಲ್ಲ ಕಣ್ರೋ, ಬಗ್ಗುದ್ರೇ ಬರೋದು. ನಾಳೀಕ್ ಹೊತ್ತಾರೆ ಗದ್ದೆ ತಾವ್ ಬನ್ನಿ’ ಅಂತ ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಮಂಡ್ಯದಲ್ಲಿ ಪರೀಕ್ಷೆ ಇತ್ತು. ಮೊದಲ ಬಸ್ಸಿಗೆ ಹೊರಟೆವು. ಬಸ್ಸಿನ ಕಿಟಕಿಯಿಂದ ಗದ್ದೆಯಲ್ಲಿ ಸಾಲು ಹಿಡಿದವರು ಕಂಡರು, ದನಿ ಕೇಳಿಸಲಿಲ್ಲ. ಎರಡನೆಯ ಪ್ರಶ್ನೆ ‘ಸಾಲಿಟರಿ ರೀಪರ್’ ಮೇಲೆಯೇ ಬಂದಿತ್ತು. ಪ್ರಕೃತಿಪ್ರೇಮದ ಮೇಲೆ ಒಂದೂವರೆ ಪುಟ ಬರೆದೆವು, ನಾಕು ಜನವೂ. ಪಾಸಾದೆವು.